ಚಪ್ಪರದ ಕೆಳಗಿನ ತಂಪು

ಹುಮನಾಬಾದಿನ ಬಸ್ಸಿನಲ್ಲಿ, ಒದ್ದೆ ಟವೆಲಿನಲ್ಲಿ ಸುತ್ತಿದ ಹನ್ನೆರಡು ದ್ರಾಕ್ಷಿ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದವಳು ಎರಡು ಸಲ ಇಣುಕಿ ನೋಡಿ, "ಏನ್ರಿ ಅಕ್ಕಾ ಅದು, ಕಬ್ಬೇನ್ರಿ?" ಎಂದಳು.

"ಕಬ್ಬು ಇಷ್ಟು ಸಣ್ಣಗ ಇರ್ತದೇನು?" ಎಂದು ರೇಗಿದೆ. ಪಾಪ, ಅವಳು ಮುಖ ತಿರುಗಿಸಿ ಕಿಟಕಿ ನೋಡುತ್ತ ಕೂತಳು. ತಪ್ಪು ಅವಳದಲ್ಲ. ನನ್ನ ಹೊಟ್ಟೆಯೊಳಗೆ ನಾಲ್ಕು ದಿನದಿಂದ ಬೆಂಕಿ ಬಿದ್ದಿತ್ತು, ಯಾರ ಮೇಲಾದರೂ ಒಂದು ಕಿಡಿ ಹಾರಬೇಕಿತ್ತು, ಅವಳ ಮೇಲೆ ಹಾರಿತು.

ನಾನು ಭುವನೇಶ್ವರಿ. ಬಸವಕಲ್ಯಾಣದಿಂದ ಮುಡಬಿಗೆ ಹೋಗುವ ದಾರಿಯಲ್ಲಿ ನಮ್ಮ ಎರಡು ಎಕರೆ ದ್ರಾಕ್ಷಿ ತೋಟವಿದೆ. ಸುತ್ತ ಎಲ್ಲರದೂ ತೊಗರಿ, ಸೋಯಾ. ನಡುವೆ ನಮ್ಮದೊಂದೇ ಚಪ್ಪರ. ನೆಡಿಸಿದವಳು ನಾನು, ಬೆಳೆಸಿದವಳು ನಾನು, ಊರ ತುಂಬ ಅದರ ಸುದ್ದಿ ಹೇಳಿಕೊಂಡು ತಿರುಗಿದವಳೂ ನಾನೇ. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ, ಇನ್ನೊಬ್ಬರು ಮಾತು ಮುಗಿಸುವವರೆಗೆ ಕಾಯಲೂ ಬರುವುದಿಲ್ಲ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ.

ಮನೆಯಲ್ಲಿ "ಪೂನಂನ್ನ ನೋಡಿ ಬರ್ತೀನಿ" ಎಂದು ಹೇಳಿ ಹೊರಟಿದ್ದೆ. ಅದು ಅರ್ಧ ನಿಜ. ಪೂನಂ ನನ್ನ ಮಗಳು. ಅವಳ ಗಂಡ ಧನರಾಜನಿಗೆ ಹುಮನಾಬಾದಿನ ಬಜಾರಿನಲ್ಲಿ ಪಾತ್ರೆ ಅಂಗಡಿಯಿದೆ. ಇದೆ ಎನ್ನುವುದೂ ಇನ್ನು ಎರಡೇ ದಿನದ ಮಾತು. ನವರಾತ್ರಿಯ ಘಟಸ್ಥಾಪನೆಯ ದಿನ ಆ ಅಂಗಡಿಯ ಕೀಲಿಯನ್ನು ಅದನ್ನು ಕೊಳ್ಳುವ ವೀರಭದ್ರ ಎಂಬವರಿಗೆ ಒಪ್ಪಿಸಿ, ಗಂಡ ಹೆಂಡತಿ ಇಬ್ಬರೂ ನಮ್ಮ ತೋಟ ನೋಡಿಕೊಳ್ಳಲು ಬರುವುದೆಂದು ನಿಶ್ಚಯವಾಗಿತ್ತು. ಕರೆದವಳು ನಾನು. "ಈ ಹಸಿರು ನೋಡ್ರಿ, ಆಮ್ಯಾಲ ಹೇಳ್ರಿ, ಭಾಂಡೆ ಮಾರಿ ಏನು ಕಂಡ್ರಿ ಅಂತ" ಎಂದು ಅಳಿಯನನ್ನು ತೋಟದ ನಡುವೆ ನಿಲ್ಲಿಸಿ ಕೇಳಿದವಳು ನಾನು. ಅವನು ನೋಡಿದ. ಯಾರು ನೋಡಿದ್ದರೂ ಮರುಳಾಗುತ್ತಿದ್ದರು.

ಆ ಹಸಿರಿನ ಕತೆ ಹೇಳಿಬಿಡುತ್ತೇನೆ. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ಏಪ್ರಿಲ್‌ನಲ್ಲಿ ಬಳ್ಳಿಯನ್ನು ಪೂರ್ತಿ ಬೋಳು ಮಾಡಿದರೆ ಹೊಸ ಕಡ್ಡಿ ಬರುತ್ತದೆ, ಹಣ್ಣಲ್ಲ. ಆ ಕಡ್ಡಿಯ ಒಂದೊಂದು ಎಲೆಯ ಬುಡದಲ್ಲೂ ಒಂದು ಮೊಗ್ಗು, ನಾವು ಅದಕ್ಕೆ ಕಣ್ಣು ಎನ್ನುತ್ತೇವೆ. ಅಕ್ಟೋಬರ್‌ನಲ್ಲಿ ಎರಡನೇ ಸಲ ಕತ್ತರಿಸಿದಾಗ ಆ ಕಣ್ಣು ಒಡೆದು ಗೊನೆ ಬರಬೇಕು.

ಈ ವರ್ಷ ಏಪ್ರಿಲ್ ಕತ್ತರಿ ಮುಗಿದ ಮೇಲೆ, ಬೋಳು ತೋಟದಲ್ಲಿ ಕುರಿಗಾರ ಪಂಡರಿಯ ಕುರಿ ತರುಬಿಸಿದೆ. ನಮ್ಮ ಕಡೆ ಬಿತ್ತನೆಗೆ ಮೊದಲು ಕುರಿಗಾರರನ್ನು ಕರೆದು ಹೊಲದಲ್ಲಿ ಹಿಂಡು ಮಲಗಿಸುತ್ತಾರೆ. ಹಿಕ್ಕೆ, ಗಂಜಲ ನೆಲಕ್ಕೆ ಇಳಿದು ಜೋಳ ಆಳೆತ್ತರ ಬರುತ್ತದೆ. ಹೊಲಕ್ಕೆ ಐದು ದಿನ ಸಾಕು. ನಾನು ಹನ್ನೊಂದು ದಿನ ಕೂಡಿಸಿದೆ. "ಅಕ್ಕಾ, ಸಾಕ್ರಿ, ಇದು ಜ್ವಾಳದ ಹೊಲ ಅಲ್ಲ" ಎಂದು ಪಂಡರಿಯೇ ಅಂದ. "ನಿನಗ ಕುರಿ ಗೊತ್ತು, ದ್ರಾಕ್ಷಿ ಗೊತ್ತೇನು?" ಎಂದೆ. ಅವನು ನಕ್ಕು ತಲೆಗೆ ಟವೆಲು ಸುತ್ತಿಕೊಂಡ.

ಅಬ್ಬಾ, ಆಮೇಲೆ ಬಳ್ಳಿ ಚಿಗುರಿದ ಪರಿ! ಬೆಳಿಗ್ಗೆ ನೋಡಿದ ಕುಡಿ ಸಂಜೆಗೆ ಗೇಣು ಮುಂದೆ ಹೋಗಿರುತ್ತಿತ್ತು. ಮೇ ತಿಂಗಳು ಬರುವಷ್ಟರಲ್ಲಿ ಚಪ್ಪರದ ಮೇಲೆ ಎಲೆಯ ಮೇಲೆ ಎಲೆ, ಅದರ ಮೇಲೆ ಇನ್ನೊಂದು ಎಲೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಕೆಳಗೆ ಬಂದರೆ ಬಾವಿಯೊಳಗೆ ಇಳಿದಷ್ಟು ತಂಪು. ನಾನು ಅಲ್ಲಿ ಚಾಪೆ ಹಾಸಿ ಮಧ್ಯಾಹ್ನ ಮಲಗುತ್ತಿದ್ದೆ. ಓಣಿಯ ಹೆಂಗಸರು ತೊಗರಿ ಆರಿಸಲು ಮೊರ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು. "ಭುವಕ್ಕಾ, ಎಸಿ ಹಾಕ್ಸಿಯಲ್ಲ!" ಎನ್ನುತ್ತಿದ್ದರು. ನನಗೆ ಎರಡು ಕೊಂಬು ಮೂಡಿದ್ದವು.

ಆಗ ಪೂನಂ ತವರಿಗೆ ಬಂದಿದ್ದಳು. ಎರಡು ವರ್ಷ ತೋಟಗಾರಿಕೆ ಓದಿದವಳು. ಚಪ್ಪರದ ಕೆಳಗೆ ಬಂದವಳೇ ನೆಲ ನೋಡಿದಳು, ಮೇಲೆ ನೋಡಿದಳು, ಒಂದು ಕಡ್ಡಿ ಹಿಡಿದು ಬಗ್ಗಿಸಿದಳು.

"ಅವ್ವಾ, ನೆಲದ ಮ್ಯಾಲ ಒಂದು ಬಿಸಿಲಿನ ಚುಕ್ಕಿನೂ ಇಲ್ಲ. ಅರ್ಧ ಕಡ್ಡಿ ತೆಗಸು. ಕಣ್ಣಿನೊಳಗ ಗೊನಿ ಕಟ್ಟೋದು ಈಗ, ಅಕ್ಟೋಬರ್‌ದಾಗ ಅಲ್ಲ. ಈ ನಲವತ್ತು ದಿನ ಕಣ್ಣಿಗಿ ಬೆಳಕು ಬೀಳಬೇಕು, ಕಾವು ತಾಗಬೇಕು. ಇಲ್ಲಂದ್ರ ಗೊನಿ ಆಗೋದು ಬಿಟ್ಟು ಬರೀ ಸುರುಳಿ ಸುತ್ತೋ ಬಳ್ಳಿ ಕುಡಿ ಆಗ್ತದ."

ಸುತ್ತ ಏಳೆಂಟು ಹೆಂಗಸರು ಕೂತಿದ್ದರು. ಅವರ ಮುಂದೆ ನನ್ನ ಹಸಿರಿಗೆ ಹೆಸರಿಡುವುದೆಂದರೇನು?

"ಈ ಬಿಸಿಲಾಗ ನಾಯಿ ಸೈತ ನೆರಳು ಹುಡುಕಾಕತ್ತದ. ನೀ ಇದ್ದ ನೆರಳು ಕಡಿ ಅಂತಿ. ನಾಕು ಅಕ್ಷರ ಓದಿ ಹೆತ್ತಾಕಿಗಿ ಕಲಿಸಾಕ ಬಂದಿಯೇನು? ಹೋಗು, ಹುಮನಾಬಾದ್‌ದಾಗ ಕೂತು ಭಾಂಡೆ ಮಾರು."

ಹೆಂಗಸರು ನಕ್ಕರು. ಪೂನಂ ನಗಲಿಲ್ಲ. ನನ್ನ ಗಂಡ ಮಹಾರುದ್ರಪ್ಪ ಅಲ್ಲೇ ನೀರಿನ ವಾಲ್ವ್ ಹಿಡಿದು ನಿಂತಿದ್ದರು. "ಮೋಟಾರ್ ನೋಡಿ ಬರ್ತೀನಿ" ಎಂದು ಆ ಕಡೆ ಹೋದರು. ಮಗಳು ಮರುದಿನವೇ ಬಸ್ಸು ಹತ್ತಿದಳು. ಆಮೇಲೆ ಜುಲೈನಲ್ಲಿ ಗಂಡನ ಜೊತೆ ಬಂದಾಗ ಕಡ್ಡಿಯ ಬಗ್ಗೆ ಚಕಾರ ಎತ್ತಲಿಲ್ಲ. ಅವಳಿಗೆ ಬುದ್ಧಿ ಬಂತು ಎಂದು ನಾನು ಖುಷಿಪಟ್ಟೆ.

ನಾಲ್ಕು ದಿನದ ಹಿಂದೆ ನನ್ನ ಆ ಖುಷಿ ಇಳಿಯಿತು. ಗಣಪತಿ ಹಬ್ಬದ ಹೊತ್ತಿನ ಗಾಳಿಗೆ ತುದಿ ಮುರಿದಿದ್ದ ಒಂದು ಬಳ್ಳಿಯಲ್ಲಿ, ಹೊತ್ತಿಗೆ ಮುಂಚೆಯೇ ಏಳು ಕಣ್ಣು ಒಡೆದಿದ್ದವು. ಏಳರಲ್ಲೂ ಎಲೆ ಇತ್ತು, ಸುರುಳಿ ಸುತ್ತಿದ ಕುಡಿ ಇತ್ತು, ಗೊನೆಯ ಗುರುತು ಒಂದರಲ್ಲೂ ಇರಲಿಲ್ಲ. ಏಳನ್ನೂ ಚಿವುಟಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಎಮ್ಮೆಯ ಮುಂದೆ ಹಾಕಿದೆ. ಎಮ್ಮೆ ತಿಂದಿತು. ನನಗೆ ಅವತ್ತು ಊಟ ಸೇರಲಿಲ್ಲ.

ಹುಮನಾಬಾದಿನಲ್ಲಿ ಇಳಿದು ಸೀದಾ ಅಜೀಮುದ್ದೀನ್ ಮಾಸ್ತರರ ಮನೆಗೆ ನಡೆದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಒಂದು ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದಾರೆ. ಸುತ್ತಲಿನ ದ್ರಾಕ್ಷಿಯವರು ಅಕ್ಟೋಬರ್ ಕತ್ತರಿಗೆ ಮೊದಲು ಕಡ್ಡಿ ತಂದು ಅವರಿಗೆ ತೋರಿಸುತ್ತಾರೆ, ಕಣ್ಣಿನೊಳಗೆ ಏನು ಕೂತಿದೆ ಎಂದು.

"ಬರ್ರಿ ಬಾಯಿ, ಕೂಡ್ರಿ" ಎಂದರು.

ನಾನು ಕೂರಲಿಲ್ಲ. ಅವರು ಬ್ಲೇಡಿನಿಂದ ಒಂದು ಕಣ್ಣನ್ನು ತೆಳ್ಳಗೆ ಸೀಳಿದರು, ಗಾಜಿನ ಮೇಲಿಟ್ಟರು, ಬಗ್ಗಿ ನೋಡಿದರು. ಇನ್ನೊಂದು ಸೀಳಿದರು. ನಾನು ಬಾಗಿಲಿಗೆ ಹೋಗಿ ಬಂದೆ, ಕಿಟಕಿಗೆ ಹೋಗಿ ಬಂದೆ. ಗೋಡೆಯ ಕ್ಯಾಲೆಂಡರು ತಿರುವಿ ಇಟ್ಟೆ.

"ಬಾಯಿ, ನಿಮ್ಮ ನೆರಳು ಬೆಳಕಿಗಿ ಅಡ್ಡ ಬರಾಕತ್ತದ. ಜರಾ ಸರೀರಿ."

ಸರಿದೆ. ಇಪ್ಪತ್ತನಾಲ್ಕು ಕಣ್ಣು ನೋಡಿ ಮುಗಿಸಿ ಕನ್ನಡಕ ಒರೆಸಿಕೊಂಡರು. "ನೀವೇ ನೋಡ್ರಿ" ಎಂದರು. ನೋಡಿದೆ. ಹಸಿರು ತಿರುಳಿನ ನಡುವೆ ಎರಡು ಕವಲಿನ ಒಂದು ಸಣ್ಣ ಕೊಂಡಿ ಕಂಡಿತು.

"ಅದು ಕುಡಿ. ಗೊನಿ ಆಗಿದ್ರ ಉಬ್ಬುಉಬ್ಬಾಗಿ, ಹೂಕೋಸಿನ ಗಡ್ಡಿಯಂಗ ಇರ್ತಿತ್ತು. ಇಪ್ಪತ್ತನಾಕರಾಗ ಎರಡರಾಗ ಮಾತ್ರ ಅದ. ಬಾಕಿ ಎಲ್ಲ ಖಾಲಿ."

"ಹೋದ ಸಲ ಇಂಥಾದೇ ಬಿಸಿಲು ಇತ್ತಲ್ರಿ, ಹಣ್ಣು ಬಂದಿತ್ತಲ್ಲ!"

"ಬಿಸಿಲು ಈ ಸಲಾನೂ ಇತ್ತು. ಕಣ್ಣಿನ ತನಕಾ ಬರಲಿಲ್ಲ. ಮೇದಾಗ ಚಪ್ಪರದ ಕೆಳಗ ಹ್ಯಾಂಗಿತ್ತು?"

"ತಂಪಿತ್ತು" ಎಂದೆ.

"ಅದೇ ನೋಡ್ರಿ. ಮನುಷ್ಯಾರಿಗಿ ತಂಪು ಬೇಕು, ಆ ಕಣ್ಣಿಗಿ ಬ್ಯಾಡ. ಕತ್ತಲಿ, ತಂಪು ಎರಡೂ ಕೂಡಿದ್ರ ಬಳ್ಳಿ ತನ್ನ ಬೆಳವಣಿಗಿ ಅಷ್ಟೇ ನೋಡ್ಕೊಳ್ತದ, ಹಣ್ಣಿನ ಫಿಕರ್ ಮಾಡಂಗಿಲ್ಲ."

"ಈಗ ಏನರೆ ಮಾಡಬಹುದೇನ್ರಿ? ಔಷಧ? ಗೊಬ್ಬರ?"

"ಈ ವರ್ಷಕ್ಕ ಏನೂ ಇಲ್ಲ ಬಾಯಿ. ಬರೋ ಏಪ್ರಿಲ್ ತನಕಾ ಕಾಯಬೇಕು. ಬಳ್ಳಿ ಸತ್ತಿಲ್ಲಲ್ಲ, ಮತ್ತ ಬೆಳಕು ಕೊಟ್ರ ಮತ್ತ ಕೊಡ್ತದ."

ಕಾಯಬೇಕಂತೆ! ನನಗೆ ಬೈದರೂ ತಡೆದುಕೊಂಡೇನು, ಈ ಮಾತು ಮಾತ್ರ ತಡೆಯಲಾಗುವುದಿಲ್ಲ. ಕಡ್ಡಿಗಳನ್ನು ಅಲ್ಲೇ ಬಿಟ್ಟು ಹೊರಬಿದ್ದೆ. ಅಂಗಡಿಗೆ ಐದು ನಿಮಿಷದ ದಾರಿ. ಹೋಗಿ ಹೇಳಿಬಿಡಬೇಕು ಎಂದೇ ಕಾಲು ಹಾಕಿದೆ. ಹೇಳದಿದ್ದರೆ ನಾಡಿದ್ದು ಅಂಗಡಿ ಕೈಬಿಡುತ್ತದೆ, ತೋಟದಲ್ಲಿ ಹಣ್ಣಿಲ್ಲ, ಮಗಳ ಸಂಸಾರ ಎರಡು ದಂಡೆಯ ನಡುವೆ ನಿಲ್ಲುತ್ತದೆ. ಹೇಳಿದರೆ ನನ್ನ ಮಾನ ಹೋಗುತ್ತದೆ. ಎರಡನ್ನೂ ತೂಗುವ ಅಗತ್ಯವೇ ಇರಲಿಲ್ಲ. ಆದರೂ ದಾರಿಯುದ್ದಕ್ಕೂ ತೂಗಿದೆ, ನಾಚಿಕೆಗೇಡು.

ಅಂಗಡಿಯ ಮುಂದೆ ಒಬ್ಬ ಏಣಿ ಹಾಕಿ ಬೋರ್ಡಿನ ಬೋಲ್ಟು ಸಡಿಲಿಸುತ್ತಿದ್ದ. ಒಳಗೆ ಧನರಾಜ ಕೊಡ, ಹಂಡೆಗಳ ನಡುವೆ ನಿಂತು ಮಾಲು ಎಣಿಸುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿದ.

"ಬರ್ರಿ ಅತ್ತಿ! ಪೂನಂ, ಯಾರು ಬಂದಾರ ನೋಡು. ಅತ್ತಿ, ನಾ ಕತ್ತರಿ ಸೈತ ಖರೀದಿ ಮಾಡೀನಿ" ಎಂದು ಹೊಸ ಕೊಂಬೆ ಕತ್ತರಿಯೊಂದನ್ನು ತೆಗೆದು ಗಾಳಿಯಲ್ಲಿ ಎರಡು ಸಲ ಆಡಿಸಿ ತೋರಿಸಿದ. ಮೂವತ್ತೈದರ ಗಂಡಸು, ಜಾತ್ರೆಯಲ್ಲಿ ಪೀಪಿ ಸಿಕ್ಕ ಹುಡುಗನ ಹಾಗೆ.

ಪೂನಂ ಚಹಾ ತಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮೆಲ್ಲಗೆ, "ಅವ್ವಾ, ನಾವು ಬಂದ ಮ್ಯಾಲ ತೋಟದಾಗ ನೀ ಹೇಳ್ದಂಗ ನಡೀತೀನಿ. ಮೇದಾಗ ಆದಂಗ ಮತ್ತ ಆಗೋದು ಬ್ಯಾಡ" ಎಂದಳು.

ತೆರೆದ ಬಾಯಿ ಮುಚ್ಚಿದೆ. ಬಸಿಯಲ್ಲಿ ಸುರಿದುಕೊಂಡು ಚಹಾ ಕುಡಿದೆ. "ಹ್ಯಾಂಗದ ಅತ್ತಿ ತೋಟ?" ಎಂದು ಅಳಿಯ ಕೇಳಿದರೆ, "ಹಸಿರದ, ಹಸಿರು ಅಂದ್ರ ಹಸಿರು" ಎಂದೆ. ಸುಳ್ಳೇನಲ್ಲ. ಬಸ್ಸು ಹೋಗ್ತದ ಎಂದು ಹೇಳಿ ಎದ್ದೆ.

ಬಸವಕಲ್ಯಾಣದ ಬಸ್ಸು ಹತ್ತಿ ಕೂತೆ. ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದು ಕೊಟ್ಟ. ಆಧಾರ್ ಕಾರ್ಡನ್ನು ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೆದ್ದಾರಿಯ ಎರಡೂ ಬದಿಗೆ ತೊಗರಿ ಹೂ ಬಿಡಲು ಸಿದ್ಧವಾಗಿತ್ತು, ನೋಡಲಾಗಲಿಲ್ಲ. ಬೋರ್ಡು ಈಗ ಕೆಳಗಿಳಿದಿರಬಹುದು ಎನ್ನಿಸಿತು. ಹೊಸ ಕತ್ತರಿ ಕಣ್ಣಿಗೆ ಬಂತು. ನನ್ನ ಮಗಳು ನನಗೆ ಹೆದರಿ ಇರುತ್ತೇನೆ ಎಂದು ಮಾತು ಕೊಟ್ಟಿದ್ದಳು, ನಾನು ಅದಕ್ಕೆ ಚಹಾ ಕುಡಿದು ಬಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಡುದಾರಿಯ ರಾಜೇಶ್ವರದಲ್ಲಿ ಬಸ್ಸು ನಿಂತಾಗ ಎದ್ದು ಇಳಿದೆ.

"ಕಲ್ಯಾಣ ಇನ್ನೂ ದೂರ ಅದರಿ ಅಕ್ಕಾ!" ಎಂದು ಕಂಡಕ್ಟರು ಕೂಗಿದ.

"ನನಗ ಗೊತ್ತದ, ನೀ ಹೋಗು!"

ರಸ್ತೆ ದಾಟಿ ಆ ಕಡೆ ನಿಂತೆ. ಹುಮನಾಬಾದಿನ ಬಸ್ಸು ಬರಲಿಲ್ಲ. ಕೂರಲು ಕಟ್ಟೆಯಿತ್ತು, ಕೂರಲಿಲ್ಲ. ಹತ್ತು ಹೆಜ್ಜೆ ಈ ಕಡೆ, ಹತ್ತು ಹೆಜ್ಜೆ ಆ ಕಡೆ. ಕೊನೆಗೆ ಶೇರ್ ಆಟೊ ಒಂದು ಬಂತು. ಒಳಗೆ ಒಂಬತ್ತು ಜನ, ನಾನು ಹತ್ತನೆಯವಳು. ಅರ್ಧ ದೇಹ ಹೊರಗೆ ಹಾಕಿಕೊಂಡೇ ಹೋದೆ.

ಅಂಗಡಿಗೆ ಬಂದಾಗ ಬೋರ್ಡಿನ ಒಂದು ಕಡೆ ಕೆಳಗೆ ಜೋತು ಬಿದ್ದಿತ್ತು. ಒಳಗೆ ಮದುವೆ ಭಾಂಡೆ ಕೊಳ್ಳಲು ಬಂದ ಚಿಟಗುಪ್ಪದ ಒಂದು ಕುಟುಂಬ, ಐದಾರು ಜನ, ಅಗಲವಾದ ಪರಾತದ ತಟ್ಟೆಗಳನ್ನು ಬಡಿದು ನೋಡುತ್ತ ಕೂತಿದ್ದರು. ಅವರು ಹೋಗಲಿ ಎಂದು ಕಾದರೆ ಮತ್ತೆ ಬಸ್ಸು ಹತ್ತಿಬಿಡುತ್ತೇನೆ ಎಂದು ನನಗೆ ಗೊತ್ತಿತ್ತು.

"ಬೋರ್ಡ್ ತೆಗೀಬ್ಯಾಡ್ರಿ" ಎಂದೆ. "ತೋಟದಾಗ ಈ ವರ್ಷ ಹಣ್ಣಿಲ್ಲ. ಮಾಸ್ತರ್ರ ಹತ್ರ ಕಣ್ಣು ಸೀಳಿಸಿ ನೋಡಿ ಬಂದೀನಿ. ಇಪ್ಪತ್ತನಾಕರಾಗ ಎರಡು. ಪೂನಂ ಮೇದಾಗ ಹೇಳಿದ್ದೇ ಖರೇ. ನಾ ಕುರಿ ಹೆಚ್ಚಿಗಿ ತರುಬಿಸ್ದೆ, ಕಡ್ಡಿ ತೆಗೀಲಿಲ್ಲ, ಬೆಳಕು ಬಿಡಲಿಲ್ಲ. ತಪ್ಪು ನಂದು."

ಪರಾತಗಳ ಸದ್ದು ನಿಂತಿತು. ಧನರಾಜ ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

"ಅತ್ತಿ, ಎರಡು ತಾಸಿನ ಹಿಂದ ಇಲ್ಲೇ ಕೂತು ಚಹಾ ಕುಡುದ್ರಿ."

"ಕುಡುದೆ. ಬಾಯಿ ಬರಲಿಲ್ಲ."

"ನಿಮಗ? ಬಾಯಿ ಬರಲಿಲ್ಲ?" ಎಂದ. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದ. ಹೊರಗೆ ಹೋಗಿ ಏಣಿಯವನಿಗೆ ಬೋರ್ಡು ತಿರುಗಿ ಬಿಗಿಯಲು ಹೇಳಿದ. "ಕೀಲಿ ಇನ್ನೂ ನನ್ನ ಹತ್ರಾನೇ ಅದ. ವೀರಭದ್ರ ಅವರಿಗಿ ಕೈಕಾಲು ಬಿದ್ದು ಒಂದು ವರ್ಷ ತಡೀರಿ ಅಂತ ಕೇಳ್ತೀನಿ" ಎಂದು, ನನ್ನ ಕಡೆ ನೋಡದೆ ಫೋನ್ ಹಿಡಿದು ಬೀದಿಯ ಆಚೆಗೆ ನಡೆದ. ಆ ಕತ್ತರಿ ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿತ್ತು.

ಪೂನಂ ನನ್ನನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಅಪ್ಪಗ ಹೇಳಿಯೇನು?"

"ಇಲ್ಲ."

"ಹೇಳು. ಈಗ, ಇಲ್ಲೇ. ನನಗ ಅಂದಿದ್ದು ಮಂದಿ ಮುಂದ ಅಂದಿ."

ಮದುವೆಯವರು ಭಾಂಡೆ ಮರೆತು ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದು ಮನೆಗೆ ಫೋನ್ ಹಚ್ಚಿದೆ. ಗಂಡ ಎತ್ತಿದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ, ಮುರಿದ ಬಳ್ಳಿಯ ಚಿಗುರನ್ನು ಎಮ್ಮೆಗೆ ಹಾಕಿದ್ದನ್ನೂ ಬಿಡಲಿಲ್ಲ.

"ಕೇಳಾಕತ್ತೀರೇನ್ರಿ?"

"ಕೇಳಾಕತ್ತೀನಿ. ನನಗ ಗೊತ್ತಿತ್ತು."

"ಏನು ಗೊತ್ತಿತ್ತು?"

"ಪೂನಂ ಅಂದಿದ್ದು ಖರೇ ಅಂತ. ಹಗಲೆಲ್ಲ ತೋಟದಾಗ ಇರಾಂವ ನಾ. ನೆಲಾ ಆರ್ತಿದ್ದಿಲ್ಲ, ಒಳಗಿನ ಎಲಿ ಹಳದಿ ಬಿದ್ದಿದ್ವು. ನಾಕು ಸಾಲರೆ ಬಿಡಿಸೋಣು ಅಂತ ಎರಡು ಸಲ ಕತ್ತರಿ ತಗೊಂಡು ಹೋಗಿದ್ದೆ."

"ಮತ್ತ? ಯಾಕ ಬಿಡಿಸಲಿಲ್ಲ? ನನಗ್ಯಾಕ ಹೇಳಲಿಲ್ಲ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಹವಾಮಾನ ಹೇಳುವಷ್ಟು ಸಮಾಧಾನದಿಂದ ಹೇಳಿದರು.

"ನಿನಗ ಹ್ಯಾಂಗ ಹೇಳೋದು ಭುವನಾ? ಮೂವತ್ತು ವರ್ಷ ಆತು ಲಗ್ನ ಆಗಿ. ನಾ ಸುರು ಮಾಡಿದ ಮಾತು ಒಂದರೆ ಮುಗಿಸಾಕ ಬಿಟ್ಟಿಯೇನು? ಮೊದಲು ಮೊದಲು ಬ್ಯಾಸರ ಆಗ್ತಿತ್ತು. ಆಮ್ಯಾಲ ಸುರು ಮಾಡೋದೇ ಬಿಟ್ಟೆ."

ಖಾಲಿ ಕಣ್ಣುಗಳನ್ನು ನೋಡಿದಾಗಲೂ ಅಳದವಳು ಅಷ್ಟು ಜನರ ಮುಂದೆ, ಹಂಡೆಗೆ ಒರಗಿ, ಅತ್ತೆ. ಮದುವೆಯವರ ಪೈಕಿ ಒಬ್ಬ ಮುದುಕಿ ತಾನು ಕೂತಿದ್ದ ಸ್ಟೂಲನ್ನು ನನ್ನ ಕಡೆ ಸರಿಸಿದಳು. ಪೂನಂ ನನ್ನ ತೋಳು ಹಿಡಿದು ಅದರ ಮೇಲೆ ಕೂಡಿಸಿದಳು.

"ಇಟ್ಟಿಯೇನು ಫೋನ್?" ಎಂದರು ಗಂಡ, ಫೋನಿನಲ್ಲಿ.

"ಇಲ್ರಿ. ಹೇಳ್ರಿ."

"ಏನು ಹೇಳಲಿ?"

"ಹೇಳದ ಬಿಟ್ಟಿದ್ದು ಎಷ್ಟು ಅದನೋ ಅಷ್ಟು."

ಅವರು ಕೆಮ್ಮಿದರು. ಎಲ್ಲೋ ಕೂತುಕೊಂಡ ಸಪ್ಪಳ ಕೇಳಿತು. ಆಮೇಲೆ, ಹಗ್ಗ ಜಗ್ಗಿ ಹಳೆಯ ಬಾವಿಯಿಂದ ಕೊಡ ಎತ್ತಿದಷ್ಟು ನಿಧಾನಕ್ಕೆ, "ತೋಟ ಹಚ್ಚೋ ವರ್ಷ, ನಾ ಅಂಚಿನ ಬಾಂದಿನ ಕಡಿ ಎರಡು ಮಾವು ಹಚ್ಚೋಣು ಅಂದಿದ್ದೆ, ನಿನಗ ನೆನಪದನೋ ಇಲ್ಲೋ..." ಎಂದು ಶುರು ಮಾಡಿದರು. ಮಾವಿನ ನೆರಳು ದ್ರಾಕ್ಷಿಗೆ ಬೀಳುತ್ತದೆ ಎಂಬ ಉತ್ತರ ನನ್ನ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿ ಹಿಡಿದೆ. ಅವರು ಮಾವಿನಿಂದ ಎಮ್ಮೆಗೆ ಬಂದರು, ಎಮ್ಮೆಯಿಂದ ಪೂನಂಳ ಓದಿಗೆ ಬಂದರು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ, ಕೇಳುತ್ತಲೇ ಇದ್ದೆ.